ಹಸಿರು ದೀಪ ಬಂತಾ ಮೇಡಂ?

ನಾನು ಸ್ವಿಚ್ ರಿಪೇರಿ ಮಾಡುವವಳು ಅಂದರೆ ಕಾರವಾರದಲ್ಲಿ ಜನ ಸೀದಾ ಬಚ್ಚಲುಮನೆಗೆ ಕರೆದೊಯ್ದು ಉರಿಯದ ಬಲ್ಬು ತೋರಿಸುತ್ತಿದ್ದರು. ನನ್ನ ಸ್ವಿಚ್ ಬೇರೆ. ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಕೇಬಲ್ಲಿನಿಂದ ಒಂದಕ್ಕೊಂದು ಜೋಡಿಸುವ ಪುಟ್ಟ ಡಬ್ಬಿ ಅದು. ಕೇಬಲ್ ಚುಚ್ಚಿದ ಕೂಡಲೇ ಎರಡೂ ತುದಿಯ ಚಿಪ್‌ಗಳು ಯಾವ ವೇಗದಲ್ಲಿ ಮಾತಾಡೋಣ ಅಂತ ತಮ್ಮೊಳಗೇ ವಿಚಾರಿಸಿಕೊಳ್ಳುತ್ತವೆ. ಒಪ್ಪಿಗೆಯಾದರೆ ಹಸಿರು ದೀಪ ಹತ್ತುತ್ತದೆ. ಎರಡು ಸಾವಿರದ ಇಸವಿಯ ಈಚಿನ ಆ ವರ್ಷಗಳಲ್ಲಿ ಕಾರವಾರ, ಅಂಕೋಲೆಯ ಆಫೀಸುಗಳಿಗೆಲ್ಲ ಕಂಪ್ಯೂಟರುಗಳು ಬರುತ್ತಿದ್ದವು. ನಾನು ಒಂದು ಸರ್ವಿಸ್ ಅಂಗಡಿಯಲ್ಲಿದ್ದೆ. ಈ ದೀಪ ಹತ್ತಿಸಲು ಹೋದಲ್ಲೆಲ್ಲ ಒಂದಲ್ಲ ಒಂದು ತಮಾಷೆ ಆಗದೆ ನಾನು ತಿರುಗಿ ಬಂದದ್ದೇ ಕಡಿಮೆ.

ಒಂದು

ಅಂಕೋಲೆಯ ಒಂದು ಸೊಸೈಟಿಯಲ್ಲಿ ಫೈಲು ತೆರೆಯಲು ಒತ್ತಿದರೆ ಅದು ತೆರೆಯುವಷ್ಟರಲ್ಲಿ ಪೇಟೆಗೆ ಹೋಗಿ ಬರಬಹುದಿತ್ತು. ನನಗಿಂತ ಮೊದಲು ಬಂದವರು ಕೇಬಲ್ ಬದಲಿಸಿದ್ದರು, ಸ್ವಿಚ್ಚನ್ನೂ ಬದಲಿಸಿದ್ದರು. ಮ್ಯಾನೇಜರ್ ಸೋತಿದ್ದರು. "ದೀಪ ಏನೋ ಹತ್ತೇ ಇದೆ. ನೀವೂ ಕೈ ಎತ್ತಿದ್ರೆ ಹುಬ್ಬಳ್ಳಿಯವರನ್ನೇ ಕರೀಬೇಕು" ಅಂದರು. ನಮ್ಮ ಅಂಗಡಿಯ ಮರ್ಯಾದೆ ಅಲ್ಲಿಗೆ ಬಂದು ನಿಂತಿತ್ತು.

ಕಂಪ್ಯೂಟರ್ ಒಳಗೆ ಹೊಕ್ಕು ನೋಡಿದೆ. ಯಾರೋ ಜಾಣರು ಅದಕ್ಕೆ, ನೀನು ಯಾರ ಹತ್ತಿರವೂ ವಿಚಾರಿಸಬೇಡ, ಒಟ್ಟೊಟ್ಟಿಗೆ ಹೇಳುತ್ತಲೂ ಇರು, ಕೇಳಿಸಿಕೊಳ್ಳುತ್ತಲೂ ಇರು ಅಂತ ಕೈಯಾರೆ ಕಟ್ಟುಮಾಡಿ ಇಟ್ಟಿದ್ದರು. ಸ್ವಿಚ್ ಪಾಪ, ವಿಚಾರಿಸಿದ್ದಕ್ಕೆ ಉತ್ತರ ಬರದೆ, ಒಬ್ಬರಾದ ಮೇಲೆ ಒಬ್ಬರು ಮಾತಾಡೋಣ ಅಂತ ತಾನೇ ತೀರ್ಮಾನಿಸಿತ್ತು. ಒಟ್ಟಿಗೆ ಮಾತು ಬಂದಾಗೆಲ್ಲ ಅದು ಗಾಬರಿಯಾಗಿ ನಿಲ್ಲಿಸಿ, ಮತ್ತೆ ಮೊದಲಿಂದ ಹೇಳುತ್ತಿತ್ತು. ಕಟ್ಟು ತೆಗೆದು, ನೀವೇ ಮಾತಾಡಿಕೊಳ್ಳಿ ಅಂತ ಬಿಟ್ಟೆ. ಫೈಲು ಒತ್ತಿದ ಕೂಡಲೇ ತೆರೆಯಿತು. ಮ್ಯಾನೇಜರ್ ಕುರ್ಚಿಯಿಂದ ಎದ್ದು ನಿಂತರು.

ಮುಖ ಸಣ್ಣದಾದದ್ದು ಗುಮಾಸ್ತರೊಬ್ಬರದು ಮಾತ್ರ. "ಎಂತಾ ಮಾಡಿಟ್ರಿ ಮೇಡಂ, ಫೈಲಿಗೆ ಒತ್ತಿ ಚಹಾಕ್ಕೆ ಹೋಗ್ತಿದ್ದೆ. ಇನ್ನು ಚಹಾ ಯಾವಾಗ ಕುಡಿಯೂದು?"

ಎರಡು

ಮಲ್ಲಾಪುರದ ಕಡೆಯ ಒಂದು ಶಾಲೆಗೆ ತಪಾಸಣೆಯವರು ಬರುವ ದಿನ. ಎರಡು ಕೋಣೆಯ ಎರಡು ಸ್ವಿಚ್ಚುಗಳನ್ನು ಜೋಡಿಸಬೇಕು. ಹಿಂದಿನ ಸ್ವಿಚ್ಚುಗಳಿಗಾದರೆ ಒಳಗಿನ ತಂತಿಗಳನ್ನು ಅದಲುಬದಲು ಮಾಡಿದ ವಿಶೇಷ ಕೇಬಲ್ಲೇ ಬೇಕಾಗಿತ್ತು. ಆ ಕೇಬಲ್ ಕಪಾಟಿನಲ್ಲಿ, ಕಪಾಟಿನ ಕೀಲಿ ಕಂಪ್ಯೂಟರ್ ಮಾಸ್ತರರ ಕಿಸೆಯಲ್ಲಿ, ಮಾಸ್ತರರು ಮಂಜಗುಣಿಯ ದೇವಸ್ಥಾನದಲ್ಲಿ.

"ಕಪಾಟು ಒಡೆಸ್ಲಾ?" ಅಂದರು ಶಾಲೆಯ ಮುಖ್ಯಾಧ್ಯಾಪಕಿ, ಹೆಡ್ ಅಕ್ಕೋರು.

"ಬೇಡ ಅಕ್ಕೋರೆ, ಇದು ಹೊಸ ಸ್ವಿಚ್. ಯಾವ ತಂತಿಯಲ್ಲಿ ಹೇಳೂದು, ಯಾವುದರಲ್ಲಿ ಕೇಳೂದು ಅಂತ ಇದೇ ಕಂಡ್ಕೊಳ್ತದೆ" ಅಂತ ಚೀಲದಲ್ಲಿದ್ದ ಸಾದಾ ಕೇಬಲ್ ಚುಚ್ಚಿದೆ. ಎರಡೂ ಕೋಣೆಯಲ್ಲಿ ದೀಪ ಹತ್ತಿತು. ತಪಾಸಣೆಯವರು ಹೊಗಳಿ ಹೋದರು.

ಸಂಜೆ ಮಾಸ್ತರರು ಬಂದು ವಿಷಯ ಕೇಳಿ ಕೈಮುಗಿದರು. "ಕೀಲಿ ಕಿಸೆಯಲ್ಲೇ ಉಳೀತು ಅಂತ ದೇವರೆದುರು ನಿಂತಾಗ ನೆನಪಾಯ್ತು. ಹೇಗಾದ್ರೂ ಲಿಂಕ್ ಬರ್ಲಿ ಅಂತ ಅಲ್ಲೇ ಹರಕೆ ಹೊತ್ತೆ." ಅಕ್ಕೋರು ಪೂರ್ತಿ ನಂಬಿದರು. ಮಾಸ್ತರರು ತಂದ ಕುಂಕುಮ ಸ್ವಿಚ್ಚಿನ ಹಣೆಗೆ ಹೋಯಿತು. ನನಗೆ ಒಂದು ಬಾಳೆಹಣ್ಣು ಸಿಕ್ಕಿತು.

ಮೂರು

ಬಂದರಿನ ಹತ್ತಿರ ಮೀನಿನ ದೊಡ್ಡ ವ್ಯಾಪಾರ ಮಾಡುವ ಹೆಂಗಸೊಬ್ಬರಿದ್ದರು, ಎಲ್ಲರೂ ಅವರನ್ನು ಬಾಯಿ ಅಂತಲೇ ಕರೆಯುತ್ತಿದ್ದರು. ವೇಗದ ಹೊಸ ಸ್ವಿಚ್ ಹಾಕಿಸಿದ್ದರು. ಅದರ ದೀಪ ಹತ್ತುವುದು, ಆರುವುದು, ಮತ್ತೆ ಹತ್ತುವುದು. "ಹಳೇ ಡಬ್ಬಿ ಚಲೋ ಇತ್ತು. ನಿನ್ನ ಈ ಹೊಸದಕ್ಕೆ ಮೀನಿನ ವಾಸನೆ ಆಗೂದಿಲ್ಲ ಕಾಣ್ತದೆ" ಅಂದರು.

ಕೇಬಲ್ ಹಿಡಿದು ಗೋಡೆಯುದ್ದ ಹೋದೆ. ಕೇಬಲ್ಲಿನೊಳಗೆ ನಾಲ್ಕು ಜೋಡಿ ತಂತಿ. ಹಳೆಯ ಸ್ವಿಚ್ಚಿಗೆ ಎರಡು ಸಾಕಿತ್ತು. ಉಳಿದೆರಡನ್ನು ಬಾಯಿಯ ಯಜಮಾನರು ಪಕ್ಕದಲ್ಲೇ ಇದ್ದ ತಮ್ಮ ಮನೆಯಿಂದ ಅಂಗಡಿಗೆ ಫೋನ್ ಎಳೆಯಲು ಬಳಸಿಬಿಟ್ಟಿದ್ದರು. ಹೊಸ ಸ್ವಿಚ್ಚಿನ ವೇಗಕ್ಕೆ ನಾಲ್ಕೂ ಬೇಕು. ಚಿಪ್‌ಗಳು ಒಪ್ಪುತ್ತಿದ್ದವು, ಓಡಲು ಹೊರಟರೆ ಅರ್ಧ ದಾರಿಯೇ ಇರುತ್ತಿರಲಿಲ್ಲ.

"ಒಂದೋ ವೇಗ ಕಡಿಮೆ ಮಾಡ್ಬೇಕು, ಇಲ್ಲಾ ಫೋನ್ ತೆಗೀಬೇಕು" ಅಂದೆ.

"ಫೋನ್ ತೆಗಿ. ಅದ್ರಲ್ಲಿ ಮುಖ್ಯದ್ದೊಂದೂ ಬರೂದಿಲ್ಲ."

ತೆಗೆದು ನಾಲ್ಕೂ ಜೋಡಿ ಕೂಡಿಸಿದೆ. ದೀಪ ಹತ್ತಿ ಗಟ್ಟಿಯಾಗಿ ನಿಂತಿತು. ಬಾಯಿ ನನ್ನ ಬೆನ್ನು ತಟ್ಟುತ್ತಿದ್ದಾಗ ಯಜಮಾನರು ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. "ಫೋನ್ ಹೋಗ್ತಾ ಇಲ್ಲ. ಇವತ್ತು ಊಟಕ್ಕೆ ಎಂತಾ ಮೀನು?"

ನಾಲ್ಕು

ಕಾರವಾರದ ಒಂದು ಸಂಸ್ಥೆಯ ಹೊಸ ಕಟ್ಟಡದ ಉದ್ಘಾಟನೆ. ಅಲ್ಲಿಯ ಅಷ್ಟೂ ನೆಟ್‌ವರ್ಕ್ ನಮ್ಮ ಅಂಗಡಿಯದು, ನಾವು ಆವರೆಗೆ ಹಿಡಿದದ್ದರಲ್ಲೇ ದೊಡ್ಡ ಕೆಲಸ. ರಿಬ್ಬನ್ ಹಳೆಯದಾಯಿತು, ಮುಖ್ಯ ಅತಿಥಿಗಳು ಕೇಬಲ್ ಚುಚ್ಚಲಿ, ಹಸಿರು ದೀಪ ಹತ್ತಿದಾಗ ಚಪ್ಪಾಳೆ ತಟ್ಟೋಣ ಅಂತ ಅಧ್ಯಕ್ಷರು ಹೊಸ ಯೋಚನೆ ತೆಗೆದಿದ್ದರು.

ಅತಿಥಿಗಳು ಚುಚ್ಚಿದರು. ದೀಪ ಕಿತ್ತಳೆ ಬಣ್ಣಕ್ಕೆ ಹತ್ತಿ ಅಲ್ಲೇ ನಿಂತಿತು. ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಅಧ್ಯಕ್ಷರು ನನ್ನನ್ನು ನೋಡಿದ ನೋಟ ಚೆನ್ನಾಗಿರಲಿಲ್ಲ.

"ಸರ್, ಸ್ವಲ್ಪ ತಡೀರಿ" ಅಂದೆ. "ತಂತಿ ಎಲ್ಲಾದ್ರೂ ಸುತ್ತಿ ಬಂದು ತನಗೇ ಗಂಟು ಬಿದ್ದಿದ್ಯಾ ಅಂತ ಸ್ವಿಚ್ ನೋಡ್ಕೊಳ್ತಿದೆ. ನೋಡದೆ ದಾರಿ ಬಿಡೂದಿಲ್ಲ."

"ಒಳ್ಳೇದು, ಹೆಣ್ಣು ಕೊಡೂ ಮೊದಲು ವಿಚಾರಿಸಿದ ಹಾಂಗೆ" ಅಂದರು ಅತಿಥಿಗಳು. ಸಭೆ ನಕ್ಕಿತು. ನಗು ಮುಗಿಯುವಷ್ಟರಲ್ಲಿ ಕಿತ್ತಳೆ ಹಸಿರಾಯಿತು. ಕೋಣೆಯ ಅಷ್ಟೂ ಪರದೆಗಳಲ್ಲಿ ಸ್ವಾಗತದ ಅಕ್ಷರಗಳು ಮೂಡಿದವು. ಚಪ್ಪಾಳೆ ನಿಲ್ಲಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಆಗ ಫೋಟೋದವನು ಬಾಗಿಲಿನಿಂದ, "ಸಾಹೇಬ್ರೆ, ನಂಗೆ ಸಿಕ್ಲಿಲ್ಲ, ಇನ್ನೊಮ್ಮೆ" ಅಂದ. ನಾನು ಬೇಡ ಅನ್ನುವ ಮೊದಲೇ ಅತಿಥಿಗಳು ಕೇಬಲ್ ಕಿತ್ತು ಮತ್ತೆ ಚುಚ್ಚಿದರು. ಮತ್ತೆ ಕಿತ್ತಳೆ, ಮತ್ತೆ ಎತ್ತಿದ ಕೈಗಳು, ಮತ್ತೆ ಹಸಿರು, ಮತ್ತೆ ಚಪ್ಪಾಳೆ. ಮೊದಲಿನದಕ್ಕಿಂತ ಇದೇ ಜೋರು. ಅಧ್ಯಕ್ಷರು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಅತಿಥಿಗಳು ಬಗ್ಗಿ, ನೀಲಿ ಕೇಬಲ್ ಹಿಡಿದು, ಗೋಡೆಯ ಡಬ್ಬಿಯನ್ನು ಭಕ್ತಿಯಿಂದ ನೋಡುತ್ತಿದ್ದಾರೆ. ಕೆಳಗೆ ಅಚ್ಚಾಗಿತ್ತು: "ಗಣ್ಯರು ದೀಪ ಬೆಳಗಿಸಿ ಸಮಾರಂಭಕ್ಕೆ ಚಾಲನೆ ನೀಡಿದರು."