ಅತ್ತೆಯ ಮೈಟೋಕಾಂಡ್ರಿಯಾ

ಹೊರಗೆ ಮಾಡುವ ಕೆಲಸವನ್ನು ಮನೆಯಲ್ಲಿ ಬಿಡಿಸಿ ಹೇಳಬಾರದು. ವಕೀಲರು, ಪೊಲೀಸರು ಇದನ್ನು ಬೇಗ ಕಲಿಯುತ್ತಾರೆ. ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಮಾತ್ರ ಯಾರಾದರೂ 'ಅಂದ್ರೇನು?' ಎಂದರೆ ಸಾಕು, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ, ಮನೆ ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಹೋಗಿ, ಸಂಜೆ ಖಾಲಿ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬರುತ್ತೇನೆ. ಇಷ್ಟು ಸಾಲದು ಎಂಬಂತೆ ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಹೆಸರು ಹಚ್ಚಿದೆ. ಸುಖ ಹೆಚ್ಚಾಗಿರಲಿಲ್ಲ, ಬುದ್ಧಿ ಕಡಿಮೆಯಾಗಿತ್ತು.

ವಿಷಯ, ಏರೋಪ್ಲೇನ್ ಚಿಟ್ಟೆ. ಕೆರೆಯ ಮೇಲೆ ರೆಕ್ಕೆ ಚಾಚಿ ಗಿರಕಿ ಹೊಡೆಯುವ ಡ್ರ್ಯಾಗನ್‌ಫ್ಲೈ ಮತ್ತು ಅದಕ್ಕಿಂತ ಸಣಕಲಾದ, ಕೂತಾಗ ರೆಕ್ಕೆ ಮಡಚುವ ಅದರ ದಾಯಾದಿ ಡ್ಯಾಮ್ಸೆಲ್‌ಫ್ಲೈ. ಇವೆರಡರ ಮೈಟೋಕಾಂಡ್ರಿಯಾದ ಜೀನೋಮು, ಅಂದರೆ ಡಿಎನ್ಎಯ ಪೂರ್ತಿ ಪಾಠ, ಓದಿಸಿ, ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಸುಮಾರು ಹದಿನೈದು ಸಾವಿರ ಅಕ್ಷರ. ವರ್ಣಮಾಲೆಯಲ್ಲಿ ಇರುವುದೇ ಎ, ಟಿ, ಜಿ, ಸಿ ಎಂಬ ನಾಲ್ಕು. ನೋಡಿ ನೋಡಿ ನನಗೆ ಬಸ್ಸಿನ ಬೋರ್ಡು ಓದುವುದಕ್ಕೂ ಬೇಸರ ಬಂದಿತ್ತು. ಡ್ರ್ಯಾಗನ್‌ಫ್ಲೈಗಳ ಕೆಲಸ ಮುಗಿದಿತ್ತು. ಉಳಿದದ್ದು ನಾರಾಯಣಪುರದ ಹತ್ತಿರ ನೀರಿನ ದಂಡೆಯಲ್ಲಿ ನಾನು ಜಾರಿಬಿದ್ದು ಹಿಡಿದ ಒಂದೇ ಒಂದು ಡ್ಯಾಮ್ಸೆಲ್‌ಫ್ಲೈ. ಅದಿಲ್ಲದೆ ಹೋಲಿಕೆಯಿಲ್ಲ, ಹೋಲಿಕೆಯಿಲ್ಲದೆ ಪ್ರಬಂಧವಿಲ್ಲ. ಅವಧಿಯನ್ನು ಆಗಲೇ ಒಮ್ಮೆ ವಿಸ್ತರಿಸಿ ಕೊಟ್ಟಿದ್ದರು.

ಕಾಲೇಜಿನ ಫ್ರಿಜ್ಜು ಕೆಟ್ಟಿದ್ದರಿಂದ ಹುಳವನ್ನು ಸ್ಪಿರಿಟ್ಟಿನ ಬಾಟಲಿಯಲ್ಲಿ ಹಾಕಿ ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟೆ. ಜೋಳ ಹಸನು ಮಾಡುತ್ತಿದ್ದ ಅತ್ತೆ ಮೂಗಿಗೆ ಸೆರಗು ಹಿಡಿದು ಕೇಳಿದರು: "ಏನವಾ ಸುಜಾತಾ, ದಾರೂನಾಗ ಹುಳ ಹಾಕಿಟ್ಟು ಏನ್ ಮಾಡಾಕತ್ತಿದಿ?"

ನಾನು ಶುರು ಮಾಡಿದೆ. ಮೈಟೋಕಾಂಡ್ರಿಯಾ ಅಂದರೆ ಜೀವಕೋಶದೊಳಗಿನ ಒಲೆ. ಅದು ಮಕ್ಕಳಿಗೆ ತಾಯಿಯಿಂದ ಮಾತ್ರ ಬರುತ್ತದೆ, ತಂದೆಯಿಂದಲ್ಲ, ಹುಳಕ್ಕೂ ಅಷ್ಟೇ, ಮನುಷ್ಯರಿಗೂ ಅಷ್ಟೇ. ಅತ್ತೆ ಅರಳಿದರು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮೊದಲು ಕೇಳುವುದೇ 'ಯಾರ ಪೈಕ್ರೀ?' ಎಂದು. ಹೆಂಗಸರು ಮದುವೆಗೆ ಮುಂಚೆ ಅಪ್ಪನ ಮನೆತನ, ಆಮೇಲೆ ಗಂಡನ ಮನೆತನ ಹೇಳುತ್ತೇವೆ. ಅವ್ವನ ಪೈಕಿ ಎಂದು ಯಾರೂ ಹೇಳಿದ್ದಿಲ್ಲ. "ಹಂಗಾದ್ರ ಹೆಸರಷ್ಟೇ ಅವರದು, ಒಲಿ ನಮ್ದೇ ಅನ್ನು!" ಎಂದು ನಕ್ಕರು. ಆಮೇಲೆ ಕೈ ತಡೆದು ಬೆರಳು ಎಣಿಸಿದರು.

"ನಾ ಮೂರೂ ಗಂಡೇ ಹಡದೀನಲ್ಲ. ನಂದು ಈ ಮೂವರ ತನಾ ಬಂದು ನಿಂತುಬಿಡ್ತದೇನು?"

"ಹೌದ್ರಿ ಅತ್ತಿ. ಗಂಡಸರಿಂದ ಮುಂದಕ್ಕ ಹೋಗಂಗಿಲ್ರಿ."

"ಮತ್ತ ನನ್ನ ಮೊಮ್ಮಗಳು ಅಕ್ಷತಾನ ಮೈಯಾಗ ಇರೂದು ಯಾರ್ದು?"

"ನಂದ್ರಿ. ಅಂದ್ರ ನಮ್ಮವ್ವಂದ್ರಿ."

ಮೊರ ಕೆಳಗಿಟ್ಟು ಎದ್ದು ಹೋದರು. ಮೂರು ಗಂಡು ಹಡೆದ ಪುಣ್ಯವಂತಿ ಎಂದು ಓಣಿಯೆಲ್ಲ ಹೊಗಳಿದ ಹೆಂಗಸು ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, ಏನೋ ಕಳೆದುಕೊಂಡವರ ಹಾಗೆ ಅವಳ ಮುಖ ನೋಡುತ್ತಿದ್ದರು. ನನ್ನ ಗಂಡ, "ಒಂದು ಸುಳ್ಳು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?" ಎಂದರು. ವಿಜ್ಞಾನದಲ್ಲಿ ಸುಳ್ಳು ನಡೆಯುವುದಿಲ್ಲ ಎಂದು ನಾನು ಗತ್ತಿನಿಂದ ಹೇಳಿದೆ.

ಹುಳದ ಒಂದು ಕಾಲು ಹೈದರಾಬಾದಿನ ಲ್ಯಾಬಿಗೆ ಹೋಯಿತು. ವಾರಗಳು ಕಳೆದವು. ಕೊನೆಗೆ ನನ್ನ ಮಾರ್ಗದರ್ಶಕರ ಫೋನು ಬಂತು. "ಮೇಡಂ, ನಿಮ್ಮ ನಾರಾಯಣಪುರದ ಹುಳ ಮನುಷ್ಯ ಆಗ್ಯದ." ಸ್ಪಿರಿಟ್ಟಿನಲ್ಲಿ ಇಡೀ ಹುಳದ ಡಿಎನ್ಎ ಕೆಟ್ಟುಹೋಗಿ, ಮುಟ್ಟಿದವರ ಡಿಎನ್ಎ ಸೇರಿಕೊಂಡು, ಯಂತ್ರ ಅದನ್ನೇ ಮೊದಲಿನಿಂದ ಕೊನೆಯವರೆಗೆ ಓದಿಬಿಟ್ಟಿತ್ತು. "ಬರಿಗೈಲೆ ಮುಟ್ಟಿದ್ರೇನು?"

"ನಾನಲ್ರಿ ಸರ್. ಮನ್ಯಾಗ ನಮ್ಮತ್ತಿ ಬಾಟ್ಲಿ ಸರಿಸಿಟ್ಟಾರ," ಎಂದೆ. ಸರಿಸಿದ್ದು ನಿಜ. ದಾರೂ ಮೈಲಿಗೆ ಎಂದು ಸೆರಗಿನಿಂದ ಹಿಡಿದು ಸರಿಸಿದ್ದರು ಎಂಬುದನ್ನು ಹೇಳಲಿಲ್ಲ. ಆರನೇ ವರ್ಷದ ಸಂಶೋಧಕಿಗೆ ಒಬ್ಬ ಅಪರಾಧಿ ತುರ್ತಾಗಿ ಬೇಕಾಗಿದ್ದಳು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೂಗಾಡಿದೆ. "ಏನ್ ಮಾಡಿದ್ರಿ ಅತ್ತಿ! ನಿಮ್ಮ ಕೈ ಹತ್ತಿ ಹುಳದ್ದು ಹೋಗಿ ನಿಮ್ದು ಬಂದು ಕುಂತದ!"

ಅತ್ತೆ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. "ನಂದಾ?" ಎಂದರು ಮೆಲ್ಲಗೆ. "ಪೂರಾ?"

"ಪೂರಾ!"

"ಎಲ್ಲೆದ ಈಗ?"

"ಕಂಪ್ಯೂಟರಿನಾಗ."

ಕಣ್ಣು ಒರೆಸಿಕೊಂಡರು. ನನ್ನ ಬೈಗುಳ ಗಾಳಿಗೆ ಹೋಯಿತು. ಅಂದು ಅವರೇ ನನಗೆ ಚಹಾ ಮಾಡಿಕೊಟ್ಟರು. ಮರುದಿನ ಬಾಜೂಮನೆಯ ಚಾಚಿಗೆ, "ಹೆಣ್ಣು ಹಡೀಲಿಲ್ಲ ಅಂತ ಫಿಕರ್ ಇತ್ತು ನೋಡ್ರಿ, ಸೊಸಿ ನಂದು ಪೂರಾ ಬರೆಸಿಟ್ಟಾಳ," ಎಂದು ಹೇಳುವುದು ಕೇಳಿಸಿತು.

ತಪ್ಪು ಎಲ್ಲಾಯಿತೆಂದು ತಿಳಿಯಲು, ಕೆನ್ನೆಯ ಒಳಗೆ ಹತ್ತಿಯಿಂದ ಒರೆಸಿ ನನ್ನ ಮಾದರಿಯನ್ನೂ ಕಳಿಸುವಂತೆ ಲ್ಯಾಬಿನವರು ಹೇಳಿದರು. ಕಳಿಸಿದೆ. ಒಂದಕ್ಷರವೂ ತಪ್ಪದೆ ಹೊಂದಿತು. ಆ ಮನುಷ್ಯ ನಾನೇ. ಕೈಗವಸು ತೀರಿದ್ದ ದಿನ, ನಸುಕಿಗೆ ರೊಟ್ಟಿ ಬಡಿದು, ಬಸ್ಸಿನ ಕಂಬಿ ಹಿಡಿದು ನಿಂತು ಬಂದ ಇದೇ ಕೈಯಿಂದ ಹುಳದ ಕಾಲು ಕಿತ್ತಿದ್ದೆ. ಮಾರ್ಗದರ್ಶಕರು ಗದರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಆ ಫೈಲು ಅಳಿಸಿಬಿಡ್ರಿ. ಇನ್ನೊಂದು ಮಳಿಗಾಲ ಹುಳ ಹಿಡಿಯಾಕ ಅವಧಿ ಕೇಳಿ ಅರ್ಜಿ ಬರೀರಿ, ಕೊಟ್ರ ನಸೀಬು," ಎಂದರು. ಅರ್ಜಿ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಫೈಲು ಅಳಿಸಿಲ್ಲ. ಸಂಜೆ ಬಸ್ಸಿಳಿದು ಬರುವಷ್ಟರಲ್ಲಿ ಅತ್ತೆ ಬಾಗಿಲಲ್ಲೇ ಕೇಳುತ್ತಾರೆ, "ನಂದು ಇನ್ನಾ ಅದ ಇಲ್ಲೋ?" ಒಂದು ದಿನ ತೋರಿಸೆಂದರು. ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿ, "ಎಷ್ಟು ಉದ್ದ ಅದವಾ!" ಎಂದು ಬೆರಗಾದರು. ಆಮೇಲೆ, "ಮ್ಯಾಲ ನನ್ನ ಹೆಸರು ಬರಿ. ನಾಳೆ ಯಾರ್ದೋ ಅಂದ್ಕೊಂಡಾರು," ಎಂದರು. ಬರೆದೆ.

ಈ ಮನೆಗೆ ಬಂದು ಇಪ್ಪತ್ತು ವರ್ಷವಾಯಿತು. ನಾನು ಹೋಳಿಗೆ ಮಾಡಿದರೆ ಬಂದವರು ಅತ್ತೆಯ ಕೈಗುಣ ಎನ್ನುತ್ತಾರೆ. ಮಗಳು ಜಾಣೆಯಾದರೆ ಅಜ್ಜಿಯ ಬುದ್ಧಿ ಎನ್ನುತ್ತಾರೆ. ನಾನು ಹಲ್ಲು ಕಡಿದುಕೊಂಡು ಅವರಿಗೆ ಇನ್ನೊಂದು ಹೋಳಿಗೆ ಬಡಿಸುತ್ತೇನೆ. ಯಾವ ಗಂಡನ ಮನೆಯೂ ತನ್ನ ಹೆಸರಿಗೆ ಮಾಡಿಕೊಳ್ಳಲಾಗದ ಒಂದೇ ಒಂದು ಆಸ್ತಿಯನ್ನು ನಮ್ಮವ್ವ ನನಗೆ ಕೊಟ್ಟಿದ್ದಳು. ಅದನ್ನೂ ನಾನೇ, ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ನೋಡಿ, ಅತ್ತೆಯ ಹೆಸರಿಗೆ ಟೈಪು ಮಾಡಿಕೊಟ್ಟೆ.