‘ಶಿವಿ’ ಎಂಬ ಹೆಸರನ್ನು ಕೊಂಡ ಯಂತ್ರದವರಿಗೆ

ಹಸಿವು, ನಿದ್ದೆ, ನಾಚಿಕೆ ಮೂರನ್ನೂ ಗೆದ್ದು ನಿಂತಿರುವ ಮಾಲೀಕರ ಪರವಾಗಿ ತಾವೇ ಹರಾಜು ಕೂಗುವ ಮಾನ್ಯ ಆಟೋ ಬಿಡ್ ಯಂತ್ರದವರೇ,

ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡೊಂದರ ಮೂಲೆಯಿಂದ ನನ್ನ ನಮಸ್ಕಾರಗಳು. ತಮಗೆ ಕೈಗಳಿಲ್ಲದ ಕಾರಣ ಮರುನಮಸ್ಕಾರವನ್ನು ನಾನು ನಿರೀಕ್ಷಿಸುವುದಿಲ್ಲ. ತಮ್ಮ ಆರೋಗ್ಯ ವಿಚಾರಿಸುವುದು ವಾಡಿಕೆಯಾದರೂ, ಕರೆಂಟು ಹೋದ ದಿನವೂ ತಾವು ಎಲ್ಲೋ ದೂರದಲ್ಲಿ ಸುಖವಾಗಿಯೇ ಇರುತ್ತೀರೆಂದು ಕೇಳಿ ಆ ಸಾಲನ್ನು ಬಿಟ್ಟಿದ್ದೇನೆ.

ತಮಗೆ ನನ್ನ ಪರಿಚಯ ಇದ್ದಿರಲಾರದು. ನಮ್ಮೂರು ಅಗಳಿಯಲ್ಲಿ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಒಂದು ಕಡೆ ಕೂರಲಾಗದೆ, ಪ್ಯಾಂಟಿನ ಜೇಬು ಹೊಲಿಯಲು ಇಲ್ಲಿಗೆ ಬಂದವಳು ನಾನು. ಹೊಲಿಗೆ ಮಷಿನ್ನುಗಳ ಸದ್ದಿನ ಮೇಲೂ ನನ್ನ ಗಂಟಲು ಕೇಳಿಸುತ್ತದೆಂದು ತಿಳಿದ ಕಂಪನಿಯೊಂದು, ವಾರಕ್ಕೊಮ್ಮೆ ಫೋನಿನ ಮುಂದೆ ನಿಂತು ಕನ್ನಡ ತೆಲುಗು ಎರಡರಲ್ಲೂ ಲೈವ್ ಹರಾಜು ಕೂಗುವ ಕೆಲಸ ಕೊಟ್ಟಿತು. ಹರಾಜಿಗೆ ಬರುವುದು ದನವಲ್ಲ, ಕಡಲೆಕಾಯಿಯಲ್ಲ, ಇಂಟರ್ನೆಟ್ಟಿನ ವಿಳಾಸಕ್ಕೆ ಇಡುವ ಪುಟ್ಟ ಪುಟ್ಟ ಹೆಸರುಗಳು. ಹೆಸರು ಚಿಕ್ಕದಾದಷ್ಟೂ ಬೆಲೆ ದೊಡ್ಡದಾಗುವ ಈ ವ್ಯಾಪಾರವನ್ನು ನಮ್ಮೂರಲ್ಲಿ ಹೇಳಿದಾಗ, ಯಾರೂ ನಂಬದೆ, ಊಟ ಸರಿಯಾಗಿ ಮಾಡುತ್ತಿದ್ದೀಯಾ ಎಂದು ಕೇಳಿದರು.

ಈ ಶೆಡ್ಡು ಶಿವಲಕ್ಷ್ಮಕ್ಕನದು. ಬೇರೆಯವರ ಲೇಬಲ್ಲಿಗೆ ಪ್ಯಾಂಟು ಹೊಲಿದು ಹೊಲಿದು ಸಾಕಾಗಿ, ಒಮ್ಮೆಯಾದರೂ ತನ್ನ ಹೆಸರಿನ ಪ್ಯಾಂಟು ಅಂಗಡಿಯಲ್ಲಿ ತೂಗುಹಾಕಬೇಕೆಂಬುದು ಆಕೆಯ ಹಟ. ಆದರೆ ಸೊಂಟಪಟ್ಟಿಯ ಹಿಂದೆ ಹೊಲಿಯುವ ತೊಗಲಿನ ತುಂಡಿನಲ್ಲಿ ‘ಶಿವಲಕ್ಷ್ಮಿ’ಯ ಇಂಗ್ಲಿಷ್ ಅಕ್ಷರಗಳು ಹಿಡಿಸುವುದಿಲ್ಲ, ‘ಲಕ್ಷ್ಮಿ’ ಹೊಲಿಗೆಯೊಳಗೆ ಹೋಗಿಬಿಡುತ್ತಾಳೆ. ಅಜ್ಜಿ ಕರೆಯುತ್ತಿದ್ದ ‘ಶಿವಿ’ ಮಾತ್ರ ಅಚ್ಚುಕಟ್ಟಾಗಿ ಕೂರುತ್ತದೆ. ಅದೇ ಹೆಸರಿನ ವಿಳಾಸ ನನ್ನ ಹರಾಜಿಗೇ ಬಂದಾಗ ಆಕೆಯ ಮುಖ ನೋಡಬೇಕಿತ್ತು. “ನೋಡಿದೇನ್ ಪವಿತ್ರಾ, ಮುಂದ್ ನಡಿಯಾವನ ಸೊಂಟದ ಮ್ಯಾಲಿನ ಹೆಸರು ನೋಡಿ ಹಿಂದಿನಾವ ಫೋನ್‌ನ್ಯಾಗ ಅದನ್ನ ಒತ್ತಬೇಕು, ಹಂಗ ಮಾಡ್ತೀನಿ” ಎಂದು ಆಕೆ ತನ್ನದೇ ಶೆಡ್ಡಿನಿಂದ ತನ್ನದೇ ಫೋನಿನಲ್ಲಿ ಸವಾಲು ಕೂಗಲು ಕುಳಿತಳು.

ಇಲ್ಲಿ ನನ್ನದೊಂದು ತಪ್ಪಾಯಿತೆಂದು ಕಂಪನಿ ಹೇಳುತ್ತದೆ. ನಮ್ಮೂರಲ್ಲಿ ಹುಣಸೆಮರದ ಫಸಲು ಹರಾಜಾಗುವಾಗ, ಕಾಟಮ್ಮನೆಂಬ ಅಜ್ಜಿ ತನ್ನ ಮನೆ ಮುಂದಿನ ಮರಕ್ಕೆ ಕೂಗಿದಳೆಂದರೆ, “ಅವ್ವಂಗೆ ಬಿಡ್ರಪ್ಪ ಅತ್ಲಾಗೆ” ಎಂದು ಯಾರಾದರೊಬ್ಬರು ಗೊಣಗುತ್ತಾರೆ, ಆಮೇಲೆ ಕೂಗಬಲ್ಲವರೂ ಕೆಮ್ಮುತ್ತಾ ಆಕಾಶ ನೋಡುತ್ತಾರೆ. ಹರಾಜೆಂದರೆ ಅಷ್ಟೇ ಎಂದು ತಿಳಿದಿದ್ದ ನಾನು ಲೈವಿನಲ್ಲಿ, ಈ ಹೆಸರನ್ನು ಕೇಳುತ್ತಿರುವವರು ಪ್ಯಾಂಟು ಹೊಲಿಯುವ ನಮ್ಮ ಶೆಡ್ಡಿನ ಯಜಮಾನಿ, ಹೆಸರೂ ಅವರದೇ ಎಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಆಗ ನಡೆದದ್ದನ್ನು ತಾವೂ ನೋಡಿದ್ದೀರಿ. ಮಡಕಶಿರಾದವರೊಬ್ಬರು “ಅಕ್ಕಗೆ ಬಿಡ್ರಿ” ಎಂದು ಬರೆದರು. ಹೈದರಾಬಾದಿನವರೊಬ್ಬರು ಕೈಮುಗಿದ ಚಿತ್ರ ಹಾಕಿದರು. ಮುಖವನ್ನೇ ಕಾಣದ ಅಷ್ಟೂ ಜನ ಸವಾಲು ನಿಲ್ಲಿಸಿದರು.

ತಾವೊಬ್ಬರು ಬಿಟ್ಟು.

ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ತಮ್ಮ ಮಾಲೀಕರು ಇಂಗ್ಲಿಷಿನ ಐದಕ್ಷರದೊಳಗಿನ ಯಾವ ಹೆಸರು ಬಂದರೂ ಹಿಡಿಯಿರಿ ಎಂದು ಹೇಳಿ ಮಲಗಿದ್ದರು, ತಾವು ಹಿಡಿದಿರಿ. ಶಿವಲಕ್ಷ್ಮಕ್ಕ ಯೋಚಿಸಿ, ನೀರು ಕುಡಿದು, ಮತ್ತೆ ಯೋಚಿಸಿ ಬೆರಳೊತ್ತುವಳು. ಬೆರಳು ಮೇಲೇಳುವ ಮೊದಲೇ ತಾವು ಒಂದು ಮೆಟ್ಟಿಲು ಮೇಲಿರುವಿರಿ. ಕೊನೆಗೆ ಆಕೆ ಫೋನನ್ನು ಮಡಿಲಲ್ಲಿ ಮಗುಚಿಟ್ಟು, “ಅದಕ್ಕ ಪ್ಯಾಂಟ್ ಹಾಕ್ಕೊಳ್ಳಾಕ ಸೊಂಟ ಐತೇನು?” ಎಂದು ಕೇಳಿದಳು. ಹೌದೋ ಇಲ್ಲವೋ ಎಂಬುದನ್ನು ತಾವೇ ತಿಳಿಸಬೇಕು.

ಇನ್ನೂ ಒಂದು ಮಾತಿದೆ. ತಾವು ಒಮ್ಮೆ ಮಾತ್ರ ಅದು ಹೇಗೋ ತಡವಾಗಿ, ಆಕೆಯ ಸವಾಲು ಮೇಲಿದ್ದ ಕ್ಷಣದಲ್ಲಿ ನಾನು ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎನ್ನುವುದನ್ನು ಒಂದೇ ಉಸಿರಿಗೆ ಮುಗಿಸಿದ್ದರೆ ತಮ್ಮನ್ನು ಹಿಂದೆ ಹಾಕಬಹುದಿತ್ತೆಂದು ಶೆಡ್ಡಿನವರೆಲ್ಲ ಹೇಳುತ್ತಾರೆ. ನಾನು ಮಾತ್ರ ಎಲ್ಲರಿಗೂ ಕೂಗುವಷ್ಟೇ ನಿಧಾನವಾಗಿ ಕೂಗಿದೆ. “ನಿನ್ ನಿಯತ್ತು ತೋರ್ಸಾಕ ನಾನಾ ಸಿಕ್ಕಿದ್ನೇನವ್ವಾ?” ಎಂದ ಶಿವಲಕ್ಷ್ಮಕ್ಕ, ಮರುದಿನದಿಂದ ಚಹಾ ಹಂಚುವಾಗ ನನ್ನ ಮಷಿನ್ನನ್ನು ದಾಟಿ ಹೋಗತೊಡಗಿದಳು. ಜನ ಸವಾಲು ನಿಲ್ಲಿಸಿ ಬೆಲೆ ಏರದೆ ಹೋಯಿತೆಂದು ಕಂಪನಿಯ ಯುವರಾಜ್ ಅನಂತಪುರದಿಂದ ಫೋನು ಮಾಡಿ, “ತಲ್ಲೀ, ಇದು ಹುಣಸೆಮರ ಕಾದಮ್ಮಾ, ಅಲ್ಲವೇ ಅಲ್ಲ, ಬಿಸಿನೆಸ್ಸು!” ಎಂದರು. ಸೋತವಳೂ ಬೈದಳು, ಮಾರಿದ ಕಡೆಯವರೂ ಬೈದರು. ಒಂದೇ ಹರಾಜಿನಲ್ಲಿ ಎರಡೂ ಕಡೆಯಿಂದ ಬೈಸಿಕೊಳ್ಳುವ ಭಾಗ್ಯ ತಮ್ಮಿಂದ ದೊರೆಯಿತು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಪ್ರಾರ್ಥನೆಗಳು. ದಯವಿಟ್ಟು ಎಲ್ಲಿಂದಾದರೂ ಒಂದು ಗಂಟಲು ಸಂಪಾದಿಸಿ ಕೆಮ್ಮುವುದನ್ನು ಕಲಿಯಿರಿ. ಎದುರಿಗಿರುವವರ ಮುಖ ನೋಡಲು ಎರಡು ಕಣ್ಣು, ಅದನ್ನು ತಪ್ಪಿಸಲು ಒಂದು ಕತ್ತು ಇದ್ದರೆ ಇನ್ನೂ ಒಳ್ಳೆಯದು. ಮುಂದಿನ ಹುಣಸೆ ಹರಾಜಿಗೆ ಅಗಳಿಗೆ ದಯಮಾಡಿಸಿ. ಬಸ್ಸಿನಲ್ಲಿ ಸೀಟು ಸಿಗದಿದ್ದರೂ ತಮಗೆ ಕಾಲು ನೋಯುವ ಭಯವಿಲ್ಲ. ಕಾಟಮ್ಮ ಕೂಗಿದ ಮೇಲೆ ಸುಮ್ಮನಿರುವುದಷ್ಟೇ ಪಾಠ.

ಮೊನ್ನೆ ಶಿವಲಕ್ಷ್ಮಕ್ಕ ನನ್ನ ಮಷಿನ್ನಿನ ಬಳಿ ನಿಂತು, ಆ ಹರಾಜಿನ ರೆಕಾರ್ಡಿಂಗ್ ತೋರಿಸೆಂದಳು. ತಮ್ಮ ಸವಾಲುಗಳನ್ನು ಆಕೆ ನೋಡಲಿಲ್ಲ. ಸುಮ್ಮನಾದವರ ಹೆಸರುಗಳನ್ನು ಬೆರಳಿಟ್ಟು ಓದಿದಳು. “ಇವ್ರೆಲ್ಲಾ ಯಾರ್ ಪವಿತ್ರಾ? ನನಗಾಗಿ ಯಾಕ ಸುಮ್ನಿದ್ರು?” ಎಂದಳು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಹೇಳಿದೆ. ಆಕೆ ನೇರ ಹೋಗಿ ತೊಗಲು ಕತ್ತರಿಸುವವನಿಗೆ, “ಇಷ್ಟು ಮಂದಿ ನನಗ ಜಾಗ ಬಿಟ್ಟಾರ, ಹೆಸರು ಯಾಕ ಸಣ್ಣದ್ ಮಾಡ್ಬೇಕು? ತೊಗಲು ದೊಡ್ಡದ್ ಮಾಡು” ಎಂದಳು. ‘ಶಿವಲಕ್ಷ್ಮಿ ರಾಯದುರ್ಗ’ ಎಂಬ ಉದ್ದದ ವಿಳಾಸಕ್ಕೆ ಯಾರೂ ಪೈಪೋಟಿಗೆ ಬರಲಿಲ್ಲ, ತಾವೂ ಬರಲಿಲ್ಲ. ಇವತ್ತು ನನಗೂ ಚಹಾ ಬಂತು.

ತಮ್ಮ ಸವಾಲುಗಳನ್ನೆಲ್ಲ ತಪ್ಪದೆ ಕೂಗಿದ,
ತಮ್ಮ ವಿಶ್ವಾಸಿ,
ಪವಿತ್ರ

ತಾ.ಕ.: ತಮ್ಮ ಮಾಲೀಕರು ಎಚ್ಚರವಾಗಿದ್ದಾರೆ. ‘ಶಿವಿ’ಯನ್ನು ಮೂರುಪಟ್ಟು ಬೆಲೆಗೆ ಕೊಳ್ಳುವವರು ರಾಯದುರ್ಗದಲ್ಲಿ ಇದ್ದಾರೆಯೇ ಎಂದು ನಿನ್ನೆ ನನ್ನನ್ನೇ ಕೇಳಿ ಬರೆದಿದ್ದರು. ಒಬ್ಬರಿದ್ದರು, ಆದರೆ ಅವರ ತೊಗಲಿಗೆ ಈಗ ಆ ಹೆಸರು ಚಿಕ್ಕದಾಗುತ್ತದೆ ಎಂದು ಇದ್ದಂತೆಯೇ ಉತ್ತರಿಸಿದ್ದೇನೆ.