ರುವಾತು ಕೂಡಿಟ್ಟ ಬೈಗುಳ

ಲಂಡನ್ನಿನಿಂದ ಬಿಳಿಯನೊಬ್ಬ ಊರು ನೋಡಲು ಬರುತ್ತಿದ್ದಾನೆಂದು ಬೆಳಗಿನ ರೇಡಿಯೊ ಹೇಳಿದ್ದೇ ತಡ, ರುವಾತು ತೆಂಗಿನಕಾಯಿ ಸುಲಿಯುವುದನ್ನು ಬಿಟ್ಟು ನೆಗೆದು ನಿಂತ.

"ಬಂದ! ಮೂವತ್ತು ವರ್ಷದಿಂದ ಕಾಯ್ತಿದ್ದೆ, ಬಂದ!"

"ಲಂಡನ್ ಅಂದ್ರೆ ನಮ್ಮ ಲಂಡನ್ನು ಕಣೋ," ಎಂದಳು ಪಕ್ಕದ ಮನೆಯ ಮಾರೇವಕ್ಕ. "ಅಕ್ಕಿ ಲಾರಿ ಬರೋ ಊರು."

ಅವಳ ಮಾತು ಸುಳ್ಳಲ್ಲ. ಕ್ರಿಸ್ಮಸ್ ದ್ವೀಪದಲ್ಲಿ ಲಂಡನ್ ಒಂದು ಹಳ್ಳಿ, ಪ್ಯಾರಿಸ್ ಒಂದು ಪಾಳುಬಿದ್ದ ತೋಪು, ಇವರು ಇದ್ದ ಹಳ್ಳಿಯ ಹೆಸರು ಪೋಲೆಂಡ್. ಹಿಂದೆ ಬಂದ ಬಿಳಿಯರು ಯಾರದೋ ಕರುವಿಗೆ ತಾವು ಹೆಸರಿಟ್ಟಂತೆ ಇಟ್ಟುಹೋಗಿದ್ದರು.

"ಬಿಳಿಯ ಅಂದ್ಮೇಲೆ ದೊಡ್ಡ ಲಂಡನ್ನಿನವನೇ!" ಎಂದು ರುವಾತು ಗುಡುಗಿದ. ಇಂಗ್ಲಿಷರು ಪರೀಕ್ಷೆಗೆಂದು ಈ ಕಡಲ ಮೇಲೆ ಅಣುಬಾಂಬು ಸಿಡಿಸಿದ ದಿನ ಅವನ ಅಪ್ಪನನ್ನೂ ಹಡಗಿಗೆ ತುಂಬಿ ಗೊಂಬೆ ಸಿನಿಮಾ ತೋರಿಸಿದ್ದರು. ಅಪ್ಪ ಸಾಯುವವರೆಗೂ "ಸಿನಿಮಾ ಚೆನ್ನಾಗಿತ್ತು" ಎನ್ನುತ್ತಿದ್ದ. ಅದನ್ನು ಕೇಳಿ ಕೇಳಿಯೇ ರುವಾತುವಿನ ರಕ್ತ ಕುದಿದದ್ದು. ಒಬ್ಬ ಇಂಗ್ಲಿಷಿನವನನ್ನಾದರೂ ಎದುರಿಗೆ ಕೂರಿಸಿ ಬೈಯದೆ ಸಾಯಲಾರೆನೆಂದು ಅವನ ಹಟ.

ಊರ ಹಿರಿಯ ತೋಕಿಯಾ ಅಜ್ಜ ತಲೆಯಾಡಿಸಿದ. "ಬೈಯಪ್ಪಾ, ಬೇಡ ಅನ್ನಲ್ಲ. ಆದ್ರೆ ಮನೇಬಾದಲ್ಲಿ ಹಸಿದವನನ್ನ ಬೈದ್ರೆ ಊರಿನ ಮಾನ ಹೋಗತ್ತೆ. ಮೊದಲು ಉಣ್ಸು."

ರುವಾತುವಿನ ಒಂದೇ ಒಂದು ಹಂದಿ ಒಲೆ ಸೇರಿತು.

ಮನೇಬಾ ಎಂದರೆ ಊರ ಚಾವಡಿ. ಅಲ್ಲಿ ಬಾಯಿಗೆ ಬೀಗವಿಲ್ಲ. "ಆ ಇಂಗ್ಲಿಷರು ನನ್ನತ್ತೆ ಹೆಣೆದ ಚಾಪೆ ಒಯ್ದು ವಾಪಸ್ ಕೊಟ್ಟಿಲ್ಲ, ಅದನ್ನೂ ಸೇರ್ಸು," ಎಂದಳು ಮಾರೇವಕ್ಕ. "ಅವರ ಪಟ್ಟಿಯಲ್ಲಿ ನನ್ನನ್ನ ಹೆಂಗಸು ಅಂತ ಬರ್ದಿದ್ರು, ಅದನ್ನ ಮರೀಬೇಡ," ಎಂದ ಅಜ್ಜ. ಮಧ್ಯಾಹ್ನದ ಹೊತ್ತಿಗೆ ಬೈಗುಳ ಕೊಬ್ಬರಿ ಮೂಟೆಯಷ್ಟು ಭಾರವಾಯಿತು.

ಲಾರಿಯಿಂದ ಇಳಿದವನು ಬೆಂದ ಏಡಿಯ ಹಾಗೆ ಕೆಂಪಗಿದ್ದ. ಹಂದಿಯನ್ನು ಮೂರು ಸಲ ಬಡಿಸಿಕೊಂಡ. ಅವನು ಕೈ ಒರೆಸಿಕೊಂಡದ್ದೇ ರುವಾತು ಎದ್ದ. ಶಾಲೆಯಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಗಂಟಲಿಗೆ ತಂದುಕೊಂಡ.

"ಯಾರನ್ನ ಕೇಳಿ ನಮ್ಮ ನೆಲಕ್ಕೆ ಹೆಸರಿಟ್ರಿ? ಯಾರನ್ನ ಕೇಳಿ ನಮ್ಮ ಆಕಾಶ ಸುಟ್ರಿ? ನಕ್ಷೆಯಲ್ಲಿ ನಾವು ನೊಣದ ಹಿಕ್ಕೆ ಅಂದ್ಕೊಂಡ್ರಾ? ಹೊಕ್ಕು ನೋಡ್ರಿ, ನಮ್ಮ ಕಡಲು ನಿಮ್ಮ ದೇಶದ ಎಷ್ಟೋ ಪಟ್ಟು! ನೀವು ಹೋದ್ರಿ. ನಾವು ಇದ್ದೀವಿ. ನಮ್ಮ ಬಾವುಟ ಹಾರ್ತಾ ಇದೆ. ಚಾಪೆ ವಾಪಸ್ ಕೊಡಿ!"

ಮನೇಬಾದ ಚಾವಣಿ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಆ ಬಿಳಿಯನೇ. ಅವನ ಕಣ್ಣು ತುಂಬಿತ್ತು.

"ಸತ್ಯ! ಪೂರಾ ಸತ್ಯ! ನಮ್ಮನ್ನೂ ದೊಡ್ಡ ದೇಶದವರು ಹೀಗೇ ಹರ್ಕೊಂಡು ಹಂಚ್ಕೊಂಡ್ರು. ನನ್ನ ಹೆಸರು ವಿಟೋಲ್ಡ್. ನಾನು ಪೋಲೆಂಡಿನವನು. ನಮ್ಮ ದೇಶದ ಹೆಸರಿನ ಊರು ಅಂತ ನೋಡೋಕೆ ಬಂದೆ."

ರುವಾತು ಗಾಳಿ ಹೋದ ಚೆಂಡಿನಂತೆ ಕುಸಿದು ಕೂತ.

"ಪೋಲೆಂಡಿನವನಾ?" ಅಜ್ಜ ಎದ್ದು ನಿಂತ. "ಹಾಗಾದ್ರೆ ಅತಿಥಿ ಅಲ್ಲ, ನಮ್ಮೂರವನೇ! ರುವಾತು ಮನೆ ಹಂದಿ ತಿಂದಿದ್ದಾನೆ, ರುವಾತುಗೆ ತಮ್ಮ. ಅವನ ಪಕ್ಕ ಚಾಪೆ ಹಾಕಿ."

ಮಾರೇವಕ್ಕ ಸುಮ್ಮನಿರಬೇಕಲ್ಲ! ವಿಟೋಲ್ಡನ ಕಿವಿಯಲ್ಲಿ ಊರಿನ ಪದ್ಧತಿ ಊದಿದಳು: "ನೆಂಟನಾದ್ಮೇಲೆ ಬುಬುತಿ ಕೇಳ್ಬಹುದು ಕಣಪ್ಪಾ. ಏನು ಕೇಳಿದ್ರೂ ಕೊಡ್ಲೇಬೇಕು. ಇಲ್ಲ ಅಂದವನು ಊರಲ್ಲಿ ತಲೆ ಎತ್ತೋ ಹಾಗಿಲ್ಲ."

ವಿಟೋಲ್ಡ್ ಸ್ವಲ್ಪ ಯೋಚಿಸಿ ರುವಾತುವಿನ ಕೈ ಹಿಡಿದುಕೊಂಡ.

"ಅಣ್ಣಾ, ನಾಳೆ ನನ್ನ ಜೊತೆಗಾರ ಬರ್ತಾನೆ. ದೊಡ್ಡ ಲಂಡನ್ನಿನವನು, ಅಸಲಿ ಇಂಗ್ಲಿಷಿನವನು. ಹಕ್ಕಿ ಎಣಿಸೋಕೆ ಅಂತ ಮೂರು ತಿಂಗಳಿಂದ ಅವನ ಜೊತೆ ಒಂದೇ ಡೇರೆಯಲ್ಲಿ ಸಾಯ್ತಿದ್ದೀನಿ. ಅವನಿಗೆ ಬೈಯೋ ಹಕ್ಕನ್ನ ನನಗೆ ಬುಬುತಿ ಕೊಡು."

ಇಡೀ ಪೋಲೆಂಡ್ ರುವಾತುವಿನ ಬಾಯನ್ನೇ ನೋಡಿತು.

"ಕೊಟ್ಟೆ, ತಗೊ," ಎಂದ ಹಲ್ಲು ಕಚ್ಚಿ. "ಆದ್ರೆ ಒಂದಕ್ಷರ ಬಿಟ್ಯೋ, ಹುಷಾರ್!"